ಅಕ್ಷರ ಹತ್ತದ ಮಕ್ಕಳೂ ನಮ್ಮ ಮಾಸ್ತರರೂ

(ಡೊಂಬಿವಲಿಯಲ್ಲಿ ಸೇರಿದ ಸಂಘದ ಸಭೆಯಲ್ಲಿ, ಠಾಣೆ, ಕಲ್ಯಾಣ, ನವಿ ಮುಂಬಯಿ ಕಡೆಯಿಂದ ಬಂದ ಪಾಲಕರ ಹಾಗೂ ಅಧ್ಯಾಪಕರ ಮುಂದೆ ಮಾಡಿದ ಭಾಷಣ)



ನಮ್ಮ ಸಭೆ ಎಂದರೆ ಪಗಾರ, ಪ್ರಾವಿಡೆಂಟ್ ಫಂಡು, ರಜೆ, ಮಲಗುವ ಜಾಗ, ಇವೇ ಮಾತು. ಇಂದು ಅವನ್ನೆಲ್ಲ ಒಂದು ಬದಿಗಿಟ್ಟು ಮಕ್ಕಳ ಓದಿನ ವಿಷಯ ಹೇಳಬೇಕೆಂದು ನಿಂತಿದ್ದೇನೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಏಳನೆಯದು ಓದಿದವ ಮಾಸ್ತರರಿಗೆ ಪಾಠ ಹೇಳಲು ಹೊರಟನೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಪಾಠ ಹೇಳಲು ಬಂದಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಂಡು, ಆಮೇಲೆ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಅರಿಕೆ ಮಾಡಲು ಬಂದಿದ್ದೇನೆ.

ಊರು ಬಿಟ್ಟು ಬಂದು ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಲು ಸೇರಿದಾಗ ನನಗೆ ಹದಿನೈದು ವರ್ಷ. ಅಲ್ಲಿ ನಮ್ಮ ಕಡೆಯವರೇ ಒಬ್ಬರು ಸಪ್ಲಾಯರ್ ಇದ್ದರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಬೆಳಗಿನ ಗದ್ದಲದಲ್ಲಿ ಹತ್ತು ಟೇಬಲಿನ ಆರ್ಡರು ಅವರ ತಲೆಯಲ್ಲಿ ಇರುತ್ತಿತ್ತು. ಮೂರನೆಯ ಟೇಬಲಿಗೆ ಎರಡು ಇಡ್ಲಿ ಒಂದು ವಡೆ, ಅದರಲ್ಲಿ ಒಂದು ಸಾಂಬಾರ್ ಬೇರೆ. ಮೂಲೆಯ ಟೇಬಲಿಗೆ ಸಕ್ಕರೆ ಇಲ್ಲದ ಕಾಫಿ. ಒಂದೂ ತಪ್ಪುತ್ತಿರಲಿಲ್ಲ. ಗಲ್ಲಾದ ಮುಂದೆ ನಿಂತು ಬಾಯಿಲೆಕ್ಕದಲ್ಲೇ ಬಿಲ್ಲು ಕೂಗುತ್ತಿದ್ದರು. ಆಮೇಲೆ ಧನಿಗಳು ಆರ್ಡರನ್ನು ಚೀಟಿಯಲ್ಲಿ ಬರೆದೇ ಅಡಿಗೆ ಕೋಣೆಗೆ ಕೊಡಬೇಕೆಂದು ಕಟ್ಟಳೆ ಮಾಡಿದರು. ಅಂದಿನಿಂದ ಅಣ್ಣನ ಮುಖ ಇಳಿಯಿತು. “ತಮ್ಮಾ, ಕಣ್ಣು ಉರೀತದೆ, ಒಂದು ಚೂರು ಬರೆದುಕೊಡು” ಎಂದು ನನ್ನನ್ನು ಕರೆಯುವರು. ತಿಂಗಳೊಳಗೆ ತಾವಾಗಿಯೇ ಪಾತ್ರೆ ತೊಳೆಯುವ ಕಡೆಗೆ ಹೋದರು. ಪಗಾರ ಕಡಿಮೆಯಾಯಿತು, ಟಿಪ್ಸು ಪೂರಾ ಹೋಯಿತು. ನಾಲ್ಕು ವರ್ಷ ಶಾಲೆಗೆ ಹೋದ ಮನುಷ್ಯನಿಗೆ ‘ಇಡ್ಲಿ’ ಎಂದು ಬರೆಯಲು ಬರುತ್ತಿರಲಿಲ್ಲವೆಂಬುದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಕೋಣೆಯಲ್ಲಿ ಎಲ್ಲರೂ ನಕ್ಕೆವು. ನಾನೂ ನಕ್ಕೆ.

ವರ್ಷಗಳು ಕಳೆದು ನಾನು ಸಂಘದ ಕೆಲಸಕ್ಕೆ ಇಳಿದ ಮೇಲೆ ಅದೇ ಅಣ್ಣ ಒಂದು ರಾತ್ರಿ ಮಗನನ್ನು ಕರೆದುಕೊಂಡು ಬಂದರು. ಹುಡುಗ ಆಗ ಮೂರನೆಯ ಇಯತ್ತೆ, ಇಂಗ್ಲಿಷ್ ಮಾಧ್ಯಮ. ಶಾಲೆಯ ಡೈರಿಯಲ್ಲಿ ಟೀಚರು ಏನೋ ಬರೆದಿದ್ದರು. ಅದನ್ನು ಓದಿ ಹೇಳಬೇಕೆಂದು ತಂದಿದ್ದರು. ಹುಡುಗ ಸೋಮಾರಿ, ಗಮನವಿಲ್ಲ, ಮನೆಯವರು ಓದಿಸುವುದಿಲ್ಲ ಎಂದು ಅದರಲ್ಲಿತ್ತು. ಕಲ್ಯಾಣದಿಂದ ದಾದರದವರೆಗಿನ ಸ್ಟೇಷನ್ನುಗಳನ್ನು ಆ ಹುಡುಗ ಹಿಂದುಮುಂದಾಗಿ ಒಂದೇ ಉಸಿರಿಗೆ ಹೇಳುತ್ತಿದ್ದ. ಕೆಟ್ಟ ಮಿಕ್ಸರ್ ಬಿಚ್ಚಿ ಜೋಡಿಸುತ್ತಿದ್ದ. ಪುಸ್ತಕ ಮುಂದಿಟ್ಟರೆ ಮಾತ್ರ ಬೆವರುತ್ತಿದ್ದ. “ಎಂತ ಮಾಡುದು ಮಾರಾಯ, ನನ್ನ ಹಾಗೇ ಆಯಿತಲ್ಲ ಇವನೂ” ಎಂದರು ಅಣ್ಣ. ನಾನು ದೊಡ್ಡ ಮುಖಂಡನಂತೆ, “ಓದು ಎಲ್ಲರಿಗೂ ಒಲಿಯುವುದಿಲ್ಲ ಅಣ್ಣ. ಊರಿಗೆ ಕಳಿಸಿ, ನಾಲ್ಕು ವರ್ಷ ಕಳೆದರೆ ಎಲ್ಲಾದರೂ ಹೋಟೆಲಿಗೆ ಸೇರಿಸೋಣ” ಎಂದುಬಿಟ್ಟೆ. ಹುಡುಗ ಬಾಗಿಲ ಬಳಿಯೇ ನಿಂತಿದ್ದ. ನಾನು ಹೇಳಿದ ತಪ್ಪು ಇದು.

ಇದಾದ ಕೆಲವು ದಿನಕ್ಕೆ ಸಂಘದ ಸಂಜೆ ತರಗತಿಗೆ ಕೋಣೆ ಕೇಳಲು ಕಲ್ಯಾಣದ ಒಬ್ಬ ಅಧ್ಯಾಪಿಕೆಯ ಬಳಿಗೆ ಹೋಗಿದ್ದೆ. ಅವರು ಕನ್ನಡದವರು, ಪಾಠ ಹೇಳುವುದು ಇಂಗ್ಲಿಷ್ ಶಾಲೆಯಲ್ಲಿ. ಮಾತಿನ ನಡುವೆ ಈ ತಂದೆಮಗನ ಕಥೆಯನ್ನು ತಮಾಷೆಯಂತೆ ಹೇಳಿದೆ. ಅವರು ನಗಲಿಲ್ಲ. ಮಗು ಮಾತು ಕಲಿತದ್ದು ತಡವೇ? ಪ್ರಾಸದ ಪದ ಹೇಳು ಎಂದರೆ ಹೇಳುತ್ತಾನೆಯೇ? ನಿನ್ನೆ ಓದಿದ ಪದವನ್ನು ಇಂದು ಹೊಸದೆಂಬಂತೆ ನೋಡುತ್ತಾನೆಯೇ? ಒಂದೊಂದಾಗಿ ಕೇಳಿದರು. ಕೊನೆಗೆ, “ತಂದೆಮಗ ಇಬ್ಬರೂ ಸೋಮಾರಿಗಳಲ್ಲ. ಇವರಿಗೆ ಓದು ಕಲಿಸುವ ದಾರಿ ಬೇರೆ, ಅದು ನಮ್ಮಂಥ ಟೀಚರುಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ” ಎಂದರು. ನನಗೆ ಆ ಸಂಗತಿ ತಿಳಿಸಿದವರು ಅವರೇ. ಆಮೇಲೆ ನನ್ನ ವಾರದ ರಜೆಯಲ್ಲಿ ಹಲವು ಸಲ ಅವರ ತರಗತಿಯ ಹಿಂದೆ ಕುಳಿತು ನೋಡಿದ್ದೇನೆ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಅವರಿಂದ ಕಲಿತದ್ದು.

ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಲೆಕ್ಕದಲ್ಲಿ ಗಟ್ಟಿ, ಆದರೆ ಸಣ್ಣ ಪದಗಳನ್ನೂ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮಾಸ್ತರರು ಹೇಳಿದ್ದರಂತೆ. ಅದನ್ನು ಕೇಳಿದಾಗ ನನಗೆ ನಮ್ಮ ಅಣ್ಣನೇ ಕಣ್ಣ ಮುಂದೆ ಬಂದರು. ಇದು ಬುದ್ಧಿಯ ಕೊರತೆ ಅಲ್ಲ, ಕಣ್ಣಿನ ರೋಗವೂ ಅಲ್ಲ. ಕೇಳಿದ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸಿ, ಒಂದೊಂದು ಧ್ವನಿಗೂ ಕಾಗದದ ಮೇಲಿನ ಗುರುತನ್ನು ಕೂಡಿಸುವ ಕೆಲಸ ಮಿದುಳಿನಲ್ಲಿ ಸಲೀಸಾಗಿ ನಡೆಯುವುದಿಲ್ಲ. ಮನೆತನದಲ್ಲಿ ಹರಿದು ಬರುವುದೂ ಉಂಟು. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಗೆ ಹೆಚ್ಚುಕಡಿಮೆ ಈ ತೊಡಕು ಇರುತ್ತದೆಂದು ತಿಳಿದವರ ಅಂದಾಜು. ಹಾಗಾದರೆ ಈ ಸಭೆಯಲ್ಲೇ ಕೆಲವರು ಇರಬೇಕು. ಯಾರು ಎಂದು ನಾನು ಕೇಳುವುದಿಲ್ಲ.

2007ರಲ್ಲಿ ‘ತಾರೇ ಜಮೀನ್ ಪರ್’ ಎಂಬ ಸಿನಿಮಾ ಬಂದಾಗ ನಮ್ಮಲ್ಲಿ ಎಷ್ಟೋ ಮಂದಿ ನೋಡಿ ಕಣ್ಣೊರೆಸಿಕೊಂಡರು. ಒಳ್ಳೆಯ ಸಿನಿಮಾ. ಆದರೆ ಅದರಲ್ಲಿ ತಂದೆಗೆ ಮಗನನ್ನು ಬೋರ್ಡಿಂಗ್ ಶಾಲೆಗೆ ಹಾಕುವ ತಾಕತ್ತಿತ್ತು, ಚಿತ್ರಕಲೆಯ ಮಾಸ್ತರರಾಗಿ ಆಮೀರ್ ಖಾನರೇ ಬಂದರು. ನಮ್ಮ ಮಕ್ಕಳ ತರಗತಿಗೆ ಅಂಥವರು ಬರುವುದಿಲ್ಲ. ಅಲ್ಲಿ ಇರುವವರು ಅರುವತ್ತು ಮಕ್ಕಳನ್ನು ಎದುರಿಗಿಟ್ಟುಕೊಂಡ ಒಬ್ಬ ಟೀಚರು. ಆದ್ದರಿಂದ ಆ ಟೀಚರಿಗೆ ಕೆಲಸ ಕಲಿಸುವುದು ಹೇಗೆ ಎಂಬುದೇ ನನ್ನ ಇಂದಿನ ವಿಷಯ.

ಕೆಲಸ ಎಂದರೆ ಏನು? ಹೋಟೆಲಿನ ಭಾಷೆಯಲ್ಲೇ ಹೇಳುತ್ತೇನೆ. ಹೊಸ ಹುಡುಗನಿಗೆ ದೋಸೆಭಟ್ಟರು ಮೊದಲ ದಿನವೇ ಕಾವಲಿ ಬಿಟ್ಟುಕೊಡುತ್ತಾರೆಯೇ? ಮೊದಲು ಹಿಟ್ಟಿನ ಹದ ನೋಡಲು ಕಲಿಸುತ್ತಾರೆ. ಆಮೇಲೆ ಕಾವಲಿಯ ಕಾವು, ನೀರು ಚಿಮುಕಿಸಿ ಸದ್ದು ಕೇಳುವುದು. ಅದು ಕೈಗೆ ಕೂತ ಮೇಲೆ ಸೌಟು ತಿರುಗಿಸುವುದು. ತಪ್ಪಿದರೆ ಅಲ್ಲೇ ಕೈ ಹಿಡಿದು ತಿದ್ದುತ್ತಾರೆ. ನಿನ್ನೆಯದು ಬಂದಿತೋ ಇಲ್ಲವೋ ಎಂದು ಇಂದು ನೋಡುತ್ತಾರೆ. ಓದು ಕಲಿಸುವುದರಲ್ಲಿ ಇದೇ ಶಿಸ್ತನ್ನು ತಂದರೆ ಅದಕ್ಕೆ ಇಂಗ್ಲಿಷಿನಲ್ಲಿ ‘ಸ್ಟ್ರಕ್ಚರ್ಡ್ ಲಿಟರಸಿ’ ಎನ್ನುತ್ತಾರೆ. ಕ್ರಮಬದ್ಧ ಅಕ್ಷರ ಶಿಕ್ಷಣ ಎನ್ನೋಣ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರು 1925ರಲ್ಲಿ ಇಂಥ ಮಕ್ಕಳ ವಿಷಯ ಬರೆದರು. ಅವರೊಡನೆ ಕೆಲಸ ಮಾಡಿದ ಅನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬಾಕೆ ಬೆಸ್ಸಿ ಸ್ಟಿಲ್‌ಮನ್ ಜೊತೆ ಸೇರಿ ಮಾಸ್ತರರಿಗಾಗಿ ಪಾಠಕ್ರಮವನ್ನು ಬರೆದರು. ಇಂದಿನ ಪದ್ಧತಿಗಳಲ್ಲಿ ಹಲವು ಅಲ್ಲಿಂದ ಬೆಳೆದವು.

ಮೊದಲ ಮೆಟ್ಟಿಲು ಕಿವಿ. ಪುಸ್ತಕವೇ ಬೇಡ. ಕಲ್ಯಾಣದ ಟೀಚರು ನಮ್ಮ ಸಂಜೆ ತರಗತಿಯಲ್ಲಿ ಮಾಡಿ ತೋರಿಸಿದ್ದು ಹೀಗೆ: “ದೋಸೆ ಅನ್ನಿ. ಅದರಲ್ಲಿ ‘ದೋ’ ತೆಗೆದು ‘ಆ’ ಇಡಿ, ಏನಾಯಿತು?” ಮಕ್ಕಳು “ಆಸೆ” ಎಂದು ಕೂಗಿದರು. “ಈಗ ‘ಮೀ’ ಇಡಿ.” “ಮೀಸೆ!” ಎಲ್ಲರಿಗೂ ನಗು. ಒಬ್ಬ ಹುಡುಗ ಮಾತ್ರ ಸುಮ್ಮನೆ ಕೂತಿದ್ದ. ಆಟವೆಂದು ಕಾಣುವ ಇದರಲ್ಲೇ ಯಾರ ಕಿವಿಗೆ ಧ್ವನಿ ಬಿಡಿಬಿಡಿಯಾಗಿ ಸಿಗುತ್ತಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಆ ಹುಡುಗನನ್ನು ಅವರು ಗದರಿಸಲಿಲ್ಲ; ಮರುದಿನ ಇನ್ನಿಬ್ಬರೊಡನೆ ಅವನನ್ನು ಹತ್ತಿರ ಕೂರಿಸಿಕೊಂಡು ಅದೇ ಆಟವನ್ನು ನಿಧಾನವಾಗಿ ಆಡಿಸಿದರು.

ಎರಡನೆಯದು ಅಕ್ಷರಗಳ ಸರದಿ. ನಾವೆಲ್ಲ ಅ ಆ ಇ ಈ ಎಂದು ಸಾಲಾಗಿ ಬಾಯಿಪಾಠ ಮಾಡಿದವರು. ನಲವತ್ತೊಂಬತ್ತೂ ಮುಗಿಯುವ ತನಕ ಒಂದು ಪದ ಓದುವ ಸುಖವಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ ಕಲಿ’ ಪದ್ಧತಿಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರ. ಐದು ಬಂದರೆ ಸಾಕು, ಮಗು ಸರ, ದರ, ಅಗಸ, ಅರಸ, ಗರಗಸ ಎಂದು ಓದಿಬಿಡುತ್ತದೆ. ಅದು ಡಿಸ್ಲೆಕ್ಸಿಯಾ ಇರುವವರಿಗೆಂದೇ ಮಾಡಿದ ಪದ್ಧತಿ ಅಲ್ಲ. ಆದರೆ ಕಲಿತ ಅಕ್ಷರಗಳಿಂದಲೇ ಪದ ಕಟ್ಟಿ ಓದಿಸಬೇಕು, ಕಲಿಸದ ಅಕ್ಷರವನ್ನು ಮಗುವಿನ ಮುಂದೆ ಹಾಕಿ ಊಹಿಸು ಎನ್ನಬಾರದು ಎಂಬ ನಿಯಮ ಎರಡು ಕಡೆಗೂ ಒಂದೇ. ಇಂಗ್ಲಿಷಿನಲ್ಲಿಯೂ ಹೀಗೆಯೇ ಎಸ್, ಎ, ಟಿ, ಪಿ, ಐ, ಎನ್ ಎಂಬ ಆರರಿಂದ ಆರಂಭಿಸುವ ಕ್ರಮವಿದೆ. ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿ. ಆರು ಬಂದ ಮಗು ‘ಟಿನ್’, ‘ಪಿನ್’, ‘ಟಿಪ್’ ಎಂದು ಓದುತ್ತದೆ. ಕೊನೆಯ ಪದ ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಮೂರನೆಯದು, ಎಲ್ಲಿ ತೊಡಕಿದೆಯೋ ಅದನ್ನು ಬಾಯಿ ಬಿಟ್ಟು ಹೇಳುವುದು. ನಮ್ಮ ಕನ್ನಡದಲ್ಲಿ ‘ಕರ್ನಾಟಕ’ ಎಂದು ಬರೆಯುವಾಗ ರಕಾರದ ಧ್ವನಿ ‘ನಾ’ಗಿಂತ ಮೊದಲು ಕೇಳಿಸುತ್ತದೆ, ಅದರ ಗುರುತು ಮಾತ್ರ ‘ನಾ’ದ ಬಲಕ್ಕೆ ಕೂರುತ್ತದೆ. ಮರಾಠಿ, ಹಿಂದಿಯ ಲಿಪಿಯಲ್ಲಿ ‘ಕಿ’ ಬರೆದರೆ ಇಕಾರದ ಗೆರೆ ಕಕಾರಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ನಾವು ಇವನ್ನು ಯೋಚಿಸದೆಯೇ ನುಂಗಿಕೊಂಡೆವು. ಆದರೆ ಎಡದಿಂದ ಬಲಕ್ಕೆ ಒಂದೊಂದೇ ಧ್ವನಿ ಹಿಡಿದು ಕಷ್ಟದಿಂದ ಸಾಗುವ ಮಗು ಅಲ್ಲಿ ಎಡವುತ್ತದೆ. ಎಡವಿದ ಕಾರಣ ಯಾರೂ ಹೇಳುವುದಿಲ್ಲ, ಏಟು ಮಾತ್ರ ಬೀಳುತ್ತದೆ. ಸೋನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಓದುವ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಬೇಗ ಮುಗಿಯುತ್ತವೆ. ಕನ್ನಡದ ಕಾಗುಣಿತ, ಒತ್ತಕ್ಷರಗಳು ಕೈವಶವಾಗಲು ಎಲ್ಲ ಮಕ್ಕಳಿಗೂ ನಾಲ್ಕನೆಯ ತರಗತಿಯ ತನಕ ಕಾಲ ಬೇಕಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಎರಡನೆಯದರಲ್ಲೇ ಅಕ್ಷರ ಮುಗಿಯಿತೆಂದು ಮುಂದೆ ಓಡುವ ಶಾಲೆಗಳು ಇದನ್ನು ಗಮನಿಸಬೇಕು.

ನಮ್ಮ ಮಕ್ಕಳ ಹೊರೆ ಇನ್ನೂ ದೊಡ್ಡದು. ಮನೆಯಲ್ಲಿ ತುಳುವೋ ಕುಂದಾಪುರದ ಮಾತೋ ಬಿಜಾಪುರದ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷು, 2020ರ ಕಾಯಿದೆಯಂತೆ ಈ ರಾಜ್ಯದ ಎಲ್ಲ ಶಾಲೆಗಳಲ್ಲೂ ಮರಾಠಿ, ಜೊತೆಗೆ ಹಿಂದಿ. ಮರಾಠಿ ಕಲಿಯಬೇಕಾದದ್ದೇ, ಈ ನೆಲದ ಅನ್ನ ತಿನ್ನುತ್ತೇವೆ. ಆದರೆ ಇಷ್ಟು ಭಾಷೆಗಳ ನಡುವೆ ಮಗು ತಡವರಿಸಿದರೆ “ಭಾಷೆ ಬಾರದು, ಸರಿಹೋಗುತ್ತದೆ” ಎಂದು ಮೂರು ವರ್ಷ ಕಳೆಯುತ್ತಾರೆ, ನಾಲ್ಕನೆಯ ವರ್ಷ “ದಡ್ಡ” ಎನ್ನುತ್ತಾರೆ. ತೊಡಕು ಭಾಷೆಯದೋ ಡಿಸ್ಲೆಕ್ಸಿಯಾದ್ದೋ ಎಂದು ಬೇರ್ಪಡಿಸಿ ನೋಡಬಲ್ಲ ಕಣ್ಣು ತರಬೇತಿಯಿಂದ ಮಾತ್ರ ಬರುತ್ತದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದವರು ‘ಡಾಲಿ’ ಎಂಬ ಪರೀಕ್ಷಾ ಸಾಧನವನ್ನು 2015ರಲ್ಲಿ ಹೊರತಂದರು. ಅದು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷುಗಳಲ್ಲಿದೆ. ಒಂದರಿಂದ ಐದನೆಯ ಇಯತ್ತೆಯವರೆಗಿನ ಮಕ್ಕಳಲ್ಲಿ ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕೆಂದು ತರಗತಿಯ ಟೀಚರೇ ಗುರುತಿಸುವ ಭಾಗ ಅದರಲ್ಲಿ ಬೇರೆಯಾಗಿದೆ. ಮರಾಠಿಯೂ ಕನ್ನಡವೂ ಇರುವ ಸಾಧನ ನಮ್ಮ ಠಾಣೆ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ.

ಇನ್ನು ಕೈಯ ಮಾತು. ಧ್ವನಿ ಹೇಳುತ್ತ, ಗಾಳಿಯಲ್ಲೋ ತಟ್ಟೆಯ ರವೆಯಲ್ಲೋ ಬೆರಳಿನಿಂದ ಅಕ್ಷರ ತೀಡಿಸುವುದು ಈ ಪಾಠದಲ್ಲಿ ಉಂಟು. ಇದನ್ನು ನೋಡಿ ನನಗೆ ಅಜ್ಜನ ಕಾಲದ ಐಗಳ ಶಾಲೆಯ ಮರಳು ನೆನಪಾಯಿತು. ಹಾಗೆಂದು ನಮ್ಮ ಹಿರಿಯರು ಎಲ್ಲ ಬಲ್ಲವರಾಗಿದ್ದರು ಎಂದು ಎದೆ ತಟ್ಟಿಕೊಳ್ಳಬೇಕಿಲ್ಲ. ಆ ಮರಳಿನ ಪಕ್ಕದಲ್ಲೇ ನಾಗರಬೆತ್ತವೂ ಇತ್ತು. ಬರಿಯ ರವೆಯಲ್ಲಿ ಬರೆದ ಮಾತ್ರಕ್ಕೆ ಓದು ಬಂದುಬಿಡುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಎಂಬ ಸಮಿತಿ ಬಹಳ ಅಧ್ಯಯನಗಳನ್ನು ಕೂಡಿಸಿ ನೋಡಿ, ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮವಾಗಿ ಕಲಿಸಿದ ಮಕ್ಕಳು ಹಾಗೆ ಕಲಿಸದವರಿಗಿಂತ ಚೆನ್ನಾಗಿ ಓದುತ್ತಾರೆಂದು ಹೇಳಿತು. ಅದರ ತಿರುಳು ಆ ಕ್ರಮ. ಬಣ್ಣದ ಕನ್ನಡಕ, ಜ್ಞಾಪಕಶಕ್ತಿಯ ಟಾನಿಕ್ಕು ಮಾರುವವರ ಬಳಿಗೆ ಹೋಗಿ ತಿಂಗಳ ಪಗಾರ ಸುರಿಯಬೇಡಿರಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿರಿ, ಅದು ಬೇಕು. ಅವು ಸರಿಯಿದ್ದರೆ ಔಷಧದ ಅಂಗಡಿಯಲ್ಲಿ ಇದಕ್ಕೆ ಮದ್ದಿಲ್ಲ.

ಈಗ ಕಾಯಿದೆಯ ಮಾತಿಗೆ ಬರುತ್ತೇನೆ, ಬೇಗ ಮುಗಿಸುತ್ತೇನೆ. ಮಹಾರಾಷ್ಟ್ರ ಸರಕಾರ 1996ರಿಂದಲೇ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತು: ಹೆಚ್ಚಿನ ಸಮಯ, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು, ಒಂದು ಭಾಷೆ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವುದು ಮುಂತಾಗಿ. ಅದೇ ವರ್ಷ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಮುಂಬಯಿಯಲ್ಲಿ ಹುಟ್ಟಿತು. ಅಧ್ಯಾಪಕರಿಗೆ ತರಬೇತಿ ಕೊಡುವುದು ಅದರ ಕೆಲಸಗಳಲ್ಲಿ ಒಂದು. ಮದರಾಸಿನಲ್ಲಿ ಇಂಥ ಸಂಸ್ಥೆ 1991ರಲ್ಲೇ ಹುಟ್ಟಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕೆಯ ಈ ತೊಡಕೂ ಸೇರಿತು. ಅದರ 16ನೆಯ ಕಲಮು ಶಾಲೆಗಳು ಇದನ್ನು ಆದಷ್ಟು ಬೇಗ ಗುರುತಿಸಿ ತಕ್ಕಂತೆ ಪಾಠ ಮಾಡಬೇಕೆನ್ನುತ್ತದೆ. 17ನೆಯದು ಸಿಬ್ಬಂದಿಗೆ ತರಬೇತಿ ಕೊಡಬೇಕೆನ್ನುತ್ತದೆ. 2021ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು, ವಿಶೇಷ ಅಗತ್ಯವುಳ್ಳ ಮಕ್ಕಳು ಪ್ರಾಥಮಿಕದಲ್ಲಿ ಹತ್ತು ಮಂದಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದು ಮಂದಿಗೆ ಒಬ್ಬರು ವಿಶೇಷ ಅಧ್ಯಾಪಕರು ಇರಬೇಕೆಂದು ಹೇಳಿತು. ಕಾಗದದಲ್ಲಿ ಎಲ್ಲ ಇದೆ. ಕನಿಷ್ಠ ವೇತನದ ಕಾಯಿದೆಯೂ ಕಾಗದದಲ್ಲಿ ಇತ್ತಲ್ಲ, ಅದನ್ನು ಹೋಟೆಲಿನ ಬಾಗಿಲಿಗೆ ತರಲು ಎಷ್ಟು ಸಲ ಬಾಗಿಲು ಬಡಿದೆವು ಎಂದು ತಾವು ಬಲ್ಲಿರಿ.

ಸರ್ಟಿಫಿಕೇಟಿನ ವಿಷಯ ಒಂದು ಮಾತು. ನಮ್ಮ ಕಡೆಯ ಪಾಲಕರು ಶೀವ್ ಸ್ಟೇಷನ್ನಿನಲ್ಲಿಳಿದು ಅಲ್ಲಿನ ಮುನಿಸಿಪಲ್ ಆಸ್ಪತ್ರೆಗೆ ಇದಕ್ಕಾಗಿ ಎಷ್ಟೋ ವರ್ಷಗಳಿಂದ ಹೋಗುತ್ತಿದ್ದಾರೆ. ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ಬುದ್ಧಿಮಾಪನ, ಓದಿನ ಪರೀಕ್ಷೆ, ವೈದ್ಯರ ಭೇಟಿ ಎಂದು ಸರದಿ ಕಾಯಬೇಕು. ಒಂದೊಂದು ದಿನಕ್ಕೂ ನಮ್ಮವರ ಒಂದೊಂದು ದಿನದ ಪಗಾರ ಹೋಗುತ್ತದೆ. ಆ ವೈದ್ಯರು ಕಷ್ಟಪಟ್ಟು ಮಾಡುವ ಕೆಲಸಕ್ಕೆ ನನ್ನ ನಮಸ್ಕಾರ. ಆದರೆ ಅಲ್ಲಿಗೆ ಬರುವ ಮಕ್ಕಳಲ್ಲಿ ಬಹಳ ಮಂದಿಗೆ ಹನ್ನೊಂದರ ಆಸುಪಾಸಿನ ವಯಸ್ಸಾಗಿರುತ್ತದೆಂದು ಅವರೇ ಬರೆದಿದ್ದಾರೆ. ಅಷ್ಟರಲ್ಲಿ ಐದು ವರ್ಷ ಬೈಗುಳ ತಿಂದಾಗಿರುತ್ತದೆ. ಸರ್ಟಿಫಿಕೇಟು ಹತ್ತನೆಯ ಇಯತ್ತೆಯಲ್ಲಿ ಸಮಯ ಕೊಡುತ್ತದೆ, ಓದಲು ಕಲಿಸುವುದಿಲ್ಲ. ಕಲಿಸುವ ಕೆಲಸ ಒಂದನೆಯ, ಎರಡನೆಯ ಇಯತ್ತೆಯ ಟೀಚರ ಕೈಯಲ್ಲಿದೆ. ಉಳ್ಳವರು ತಾಸಿಗೆ ಇಷ್ಟು ಎಂದು ಕೊಟ್ಟು ಖಾಸಗಿಯಾಗಿ ವಿಶೇಷ ಪಾಠ ಹೇಳಿಸುತ್ತಾರೆ. ತುರ್ಭೆಯ ಗೋದಾಮಿನಲ್ಲಿ ದುಡಿಯುವವನ ಮಗುವಿಗೆ ಇರುವುದು ತರಗತಿಯ ಟೀಚರೊಬ್ಬರೇ.

ಇನ್ನೊಂದು ಕಾರಣವೂ ಉಂಟು. ಓದಲು ಬಾರದ ಮಕ್ಕಳೆಲ್ಲರೂ ಡಿಸ್ಲೆಕ್ಸಿಯಾದವರಲ್ಲ. ‘ಅಸರ್’ ಎಂಬ ಸಮೀಕ್ಷೆಯ 2024ರ ವರದಿಯಂತೆ ನಮ್ಮ ದೇಶದ ಹಳ್ಳಿಗಳಲ್ಲಿ ಐದನೆಯ ಇಯತ್ತೆಯ ಮಕ್ಕಳಲ್ಲಿ ಎರಡನೆಯದರ ಪಾಠ ಓದಬಲ್ಲವರು ಸುಮಾರು ಅರ್ಧದಷ್ಟೇ. ಅರ್ಧಕ್ಕರ್ಧ ಮಕ್ಕಳಿಗೆ ಮಿದುಳಿನ ತೊಡಕು ಇರಲಾರದು; ಅವರಿಗೆ ಸರಿಯಾಗಿ ಕಲಿಸಿಲ್ಲ ಎಂದೇ ಅರ್ಥ. ಕ್ರಮವಾಗಿ ಕಲಿಸಿದರೆ ಅವರಿಗೂ ಲಾಭ, ಸಲೀಸಾಗಿ ಓದುವವರಿಗೆ ನಷ್ಟವಿಲ್ಲ. ಆದ್ದರಿಂದ ಇದು ನಾಲ್ಕು ಮಕ್ಕಳಿಗಾಗಿ ಅರುವತ್ತು ಮಕ್ಕಳ ವೇಳ ಕೆಡಿಸುವ ಸಂಗತಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ.

ಅಧ್ಯಾಪಕರ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕಲ್ಯಾಣದ ಟೀಚರು ನನ್ನಲ್ಲಿ ಹೇಳಿದರು, ತರಬೇತಿಗೆ ಮೊದಲು ತಾವೂ ಎಷ್ಟೋ ಡೈರಿಗಳಲ್ಲಿ ‘ಸೋಮಾರಿ’ ಎಂದು ಬರೆದಿದ್ದರಂತೆ. ಅದರಲ್ಲಿ ಒಂದು ಹುಡುಗಿ ಶಾಲೆ ಬಿಟ್ಟಳು. ಆಮೇಲೆ ಎಲ್ಲಿ ಹೋದಳೋ ಗೊತ್ತಿಲ್ಲವಂತೆ. ಅದನ್ನು ಹೇಳುವಾಗ ಅವರು ಬೋರ್ಡು ಒರೆಸುತ್ತಲೇ ಇದ್ದರು, ಬೋರ್ಡು ಆಗಲೇ ಚೊಕ್ಕಟವಾಗಿತ್ತು. ಅವರ ಡಿಪ್ಲೊಮಾದಲ್ಲಿ ಮನಶ್ಶಾಸ್ತ್ರದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿದ್ದರು. ಒಂದು ಮಗುವಿಗೆ ಒಂದು ಧ್ವನಿಯನ್ನು ಕಲಿಸುವುದು ಹೇಗೆಂದು ಯಾರೂ ಕೈ ಹಿಡಿದು ತೋರಿಸಿರಲಿಲ್ಲ. ಅದರ ಮೇಲೆ ಚುನಾವಣೆಯ ಡ್ಯೂಟಿ, ಮತದಾರರ ಪಟ್ಟಿ, ಗಣತಿ. ಕೆಲವರದು ಗುತ್ತಿಗೆಯ ಕೆಲಸ, ಪಗಾರ ನಮ್ಮ ಕ್ಯಾಪ್ಟನ್ನಿಗಿಂತ ಕಡಿಮೆ. ಅವರೂ ದುಡಿಯುವವರೇ. ಆದ್ದರಿಂದ ತರಬೇತಿ ಎಂದು ಅವರ ಭಾನುವಾರ ಕಸಿದುಕೊಳ್ಳುವುದನ್ನು ನಮ್ಮ ಸಂಘ ಬೆಂಬಲಿಸಲಾರದು. ಪಗಾರದೊಡನೆ ಡ್ಯೂಟಿಯ ದಿನದಲ್ಲೇ ತರಬೇತಿ ಕೊಡಬೇಕು.

ತರಬೇತಿ ಎಂದರೆ ಒಂದು ದಿನದ ಶಿಬಿರವೂ ಅಲ್ಲ. ಬೆಳಿಗ್ಗೆ ದೀಪ, ಮಧ್ಯಾಹ್ನ ಪುಲಾವು, ಸಂಜೆ ಸರ್ಟಿಫಿಕೇಟಿನೊಡನೆ ಫೋಟೋ, ಇಂಥವನ್ನು ನಾವು ಬಹಳ ಕಂಡಿದ್ದೇವೆ. ಸ್ವತಃ ನಾನೇ ಪುಲಾವು ಬಡಿಸಿದ್ದೇನೆ. ಕಲ್ಯಾಣದ ಟೀಚರು ತಿಂಗಳುಗಟ್ಟಲೆ ಕಲಿತರು. ಒಂದು ವಾರ ಪಾಠ ಕೇಳುವುದು, ಅದನ್ನು ತಮ್ಮ ಮಕ್ಕಳ ಮೇಲೆ ಮಾಡಿ ನೋಡುವುದು, ಅನುಭವಿಗಳು ಹಿಂದೆ ಕುಳಿತು ಗಮನಿಸಿ ತಪ್ಪು ತಿದ್ದುವುದು. ಅರುವತ್ತು ಮಕ್ಕಳಲ್ಲಿ ಇದು ಹೇಗೆ ಸಾಧ್ಯ ಎಂದು ಕೇಳಿದೆ. ದಿನದ ಮೊದಲ ಇಪ್ಪತ್ತು ನಿಮಿಷ ಇಡೀ ತರಗತಿಗೆ ಧ್ವನಿಯ ಪಾಠ. ಆಮೇಲೆ ಉಳಿದವರು ಬರೆಯುತ್ತಿರುವಾಗ ಹಿಂದೆ ಬಿದ್ದ ಐದಾರು ಮಂದಿಯನ್ನು ಹತ್ತಿರ ಕರೆದು ಅದನ್ನೇ ಇನ್ನೊಮ್ಮೆ. ಎಲ್ಲರ ಮುಂದೆ ನಿಲ್ಲಿಸಿ ಏಕಾಏಕಿ ಓದಿಸುವುದನ್ನು ಅವರು ನಿಲ್ಲಿಸಿದ್ದಾರೆ. ವಾರಕ್ಕೊಮ್ಮೆ ಸಣ್ಣ ಪರೀಕ್ಷೆ. ಅದರಲ್ಲಿ ಮಾರ್ಕಿಲ್ಲ, ಯಾರಿಗೆ ಯಾವ ಧ್ವನಿ ಹತ್ತಿಲ್ಲ ಎಂಬ ಟಿಪ್ಪಣಿ ಮಾತ್ರ. ಕೆಲವು ದಿನ ಇದೂ ನಡೆಯುವುದಿಲ್ಲ ಎಂದು ಅವರೇ ಹೇಳಿದರು.

ನಮ್ಮಿಂದ ಆಗುವುದೇನು? ಕಳೆದ ಶತಮಾನದ ಮೊದಲ ದಶಕದಲ್ಲೇ ಮುಂಬಯಿಯಲ್ಲಿ ಮೊಗವೀರ ಮಂಡಳಿಯವರು ದುಡಿಯುವವರಿಗಾಗಿ ರಾತ್ರಿಶಾಲೆ ತೆರೆದರು. ಹಗಲು ಕಪ್ಪುಬಶಿ ತೊಳೆದು ರಾತ್ರಿ ಓದಿ ಮೇಲೆ ಬಂದವರ ಕಥೆಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ರಾತ್ರಿಶಾಲೆಗಳ ಬೆಂಚಿನಿಂದ ತಿಂಗಳೊಳಗೆ ಎದ್ದುಹೋದವರ ಲೆಕ್ಕ ಯಾರೂ ಇಟ್ಟಿಲ್ಲ. ಅವರಲ್ಲಿ ನಮ್ಮ ಅಣ್ಣನಂಥವರು ಎಷ್ಟು ಮಂದಿ ಇದ್ದರೋ. ಈಗ ಠಾಣೆ ಜಿಲ್ಲೆಯಲ್ಲಿ ಕನ್ನಡಿಗರ ಸಂಘಗಳು ನಡೆಸುವ ಶಾಲೆಗಳಿವೆ. ಆಡಳಿತ ಮಂಡಳಿಯಲ್ಲಿ ನಮ್ಮವರೇ ಕೂತಿದ್ದಾರೆ, ಕೆಲವರು ನಮ್ಮ ಧನಿಗಳೇ ಆಗಿದ್ದಾರೆ. ಹೊಸ ಕಟ್ಟಡಕ್ಕೆ, ಕಂಪ್ಯೂಟರಿಗೆ ದೇಣಿಗೆ ಕೂಡಿಸುವವರು ಒಂದನೆಯ ಹಾಗೂ ಎರಡನೆಯ ಇಯತ್ತೆಯ ಇಬ್ಬರು ಟೀಚರುಗಳನ್ನು ಪಗಾರ ಸಹಿತ ತರಬೇತಿಗೆ ಕಳಿಸಲಿ ಎಂದು ಕೇಳುವುದು ಅತಿಯಾಸೆಯಲ್ಲ. ಸಂಘದ ವತಿಯಿಂದ ಒಂದು ಅರ್ಜಿ ತಯಾರಾಗಿದೆ. ನಮ್ಮ ಸಂಜೆ ತರಗತಿಯ ಇಬ್ಬರನ್ನು ಕಲಿಯಲು ಕಳಿಸುವ ಖರ್ಚನ್ನು ಸಂಘದ ನಿಧಿಯಿಂದ ಕೊಡಬೇಕೆಂದು ಮುಂದಿನ ಕಾರ್ಯಕಾರಿ ಸಭೆಯಲ್ಲಿ ನಾನು ಠರಾವು ತರುವವನಿದ್ದೇನೆ. ವಿರೋಧ ಬರುತ್ತದೆಂದೂ ಗೊತ್ತು. ಖಜಾಂಚಿಯವರು ಈಗಲೇ ಕೈಗಡಿಯಾರ ನೋಡುತ್ತಿದ್ದಾರೆ.

ಮನೆಯವರಿಗೆ ನನ್ನ ಬಿನ್ನಹ ಇಷ್ಟೇ. ಹೊಡೆಯಬೇಡಿರಿ. ಮಗುವಿಗೆ ಕಥೆ ಹೇಳಿರಿ, ಯಾರಿಂದಲಾದರೂ ಓದಿ ಹೇಳಿಸಿರಿ. ಓದಲು ತಡವಾದರೂ ತಿಳಿವಳಿಕೆ ಹಿಂದೆ ಬೀಳಬಾರದು. ತನಗೆ ಬರುವ ಕೆಲಸವನ್ನು ನಾಲ್ವರ ಮುಂದೆ ಮಾಡಿ ತೋರಿಸಲು ಬಿಡಿರಿ. ಶಾಲೆಗೆ ಹೋಗಿ ಟೀಚರೊಡನೆ ಜಗಳಕ್ಕೆ ನಿಲ್ಲಬೇಡಿರಿ, ನಿಮಗೂ ತಂದೆಗೂ ಓದಿನಲ್ಲಿ ಕಷ್ಟವಿತ್ತೇ ಎಂಬುದನ್ನು ನಾಚದೆ ಹೇಳಿರಿ. ಅದು ಅವರಿಗೆ ಬೇಕಾದ ಮಾಹಿತಿ.

ಆ ಹುಡುಗ ಏನಾದ ಎಂದು ಕೇಳುವಿರಿ. ಊರಿಗೆ ಕಳಿಸಲಿಲ್ಲ. ನಾನು ಅವನ ಖೋಲಿಗೆ ಹೋಗಿ, ಅವನ ಎದುರಿಗೇ, ಅಂದು ಹೇಳಿದ್ದು ತಪ್ಪೆಂದು ಹೇಳಿದೆ. ಅವನು ಮುಖ ತಿರುಗಿಸಿಕೊಂಡ. ಒಂದೂವರೆ ವರ್ಷದಿಂದ ವಾರಕ್ಕೆ ಎರಡು ಸಂಜೆ ಕಲ್ಯಾಣದ ಟೀಚರ ಹತ್ತಿರ ಹೋಗುತ್ತಿದ್ದಾನೆ. ಅವನ ಶಾಲೆಯ ಟೀಚರೂ ಒಮ್ಮೆ ಬಂದು ನೋಡಿ, ಈಗ ಅವನನ್ನು ಎಬ್ಬಿಸಿ ಓದಿಸುವುದನ್ನು ಬಿಟ್ಟಿದ್ದಾರೆ. ಈಗ ಓದುತ್ತಾನೆ. ನಿಧಾನ, ಒಂದು ಪುಟಕ್ಕೆ ಉಳಿದವರ ಎರಡರಷ್ಟು ಹೊತ್ತು. ಕಾಗುಣಿತ ಇನ್ನೂ ತಪ್ಪುತ್ತದೆ, ಮುಂದೆಯೂ ತಪ್ಪಬಹುದೆಂದು ಟೀಚರು ಹೇಳಿದ್ದಾರೆ. ಮೊನ್ನೆ ಸಂಘದ ಆಫೀಸಿಗೆ ಬಂದವನು ಬಾಗಿಲ ಬೋರ್ಡಿನಲ್ಲಿ ನಾನೇ ಬರೆದ ಇಂಗ್ಲಿಷ್ ನೋಟೀಸನ್ನು ಬೆರಳಿಟ್ಟು ಓದಿ, ಅದರಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ತೋರಿಸಿದ. ತಪ್ಪಿತ್ತು. ಅಣ್ಣನಿಗೂ ಕಲಿಸೋಣವೇ ಎಂದು ಕೇಳಿದೆ. “ನಂಗೆ ಬೇಡ ಮಾರಾಯ, ಆ ಮಾಣಿಗೆ ಬಂತಲ್ಲ” ಎಂದರು. ಮತ್ತೆ ಕೇಳುವವನಿದ್ದೇನೆ.

ಚಹಾ ಬಂದಿದೆ, ನನ್ನ ಮಾತು ಸಾಕು. ಒಂದರಿಂದ ಮೂರನೆಯ ಇಯತ್ತೆಯವರೆಗೆ ಮಕ್ಕಳಿರುವವರು, ಅರ್ಜಿಗೆ ಸಹಿ ಹಾಕುವವರು ಆ ಮೂಲೆಯ ಮೇಜಿನ ಹತ್ತಿರ ಬನ್ನಿ. ಹೆಸರು, ಶಾಲೆ, ಯಾವ ದಿನ ರಜೆ ಎಂದು ಬಾಯಲ್ಲಿ ಹೇಳಿದರೆ ಸಾಕು, ನಾನು ಬರೆದುಕೊಳ್ಳುತ್ತೇನೆ.